ಬಾಯಿಹುಣ್ಣಿಗೆ ಹೆಸರಿಟ್ಟ ಕತೆ

ಹಳ್ಳಿಯಲ್ಲಿ ಬೆಳೆದವರಿಗೆ 'ಕಾಲುಬಾಯಿ ಜ್ವರ' ಅಂದ ತಕ್ಷಣ ಕಣ್ಣ ಮುಂದೆ ಬರೋದು ಕೊಟ್ಟಿಗೆ. ಮೇವು ಮುಟ್ಟದೆ ನಿಂತ ಎತ್ತು, ಬಾಯಿಂದ ದಾರದ ಹಾಗೆ ಇಳಿಯುವ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಒಂದು ಕಾಲು ಎತ್ತಿ ಇನ್ನೊಂದು ಕಾಲು ಊರುವ ಸಂಕಟ. ಊರಲ್ಲಿ ಒಂದು ಮನೆಗೆ ಬಂತು ಅಂದ್ರೆ ವಾರದೊಳಗೆ ಇಡೀ ಕೇರಿಗೆ ಬಂತು ಅಂತಲೇ ಲೆಕ್ಕ. ಉಳುಮೆ ನಿಲ್ಲುತ್ತೆ, ಡೈರಿಗೆ ಹಾಲು ಹೋಗೋದು ನಿಲ್ಲುತ್ತೆ. 2013ರಲ್ಲಿ ಕರ್ನಾಟಕದಲ್ಲಿ ಈ ರೋಗ ಬಂದಾಗ ಸಾವಿರಾರು ರಾಸುಗಳು ಸತ್ತವು. ಕೋಲಾರ, ರಾಮನಗರದ ಕಡೆಯ ಸ್ನೇಹಿತರಿದ್ದರೆ ಕೇಳಿ ನೋಡಿ, ಇನ್ನೂ ಮರೆತಿರಲ್ಲ.

ಹಾಗಾಗಿ ನನ್ನ ಒಂದೂವರೆ ವರ್ಷದ ಮಗಳಿಗೆ ಜ್ವರ ಬಂದು, ಬಾಯೊಳಗೆ ಕೆಂಪು ಹುಣ್ಣೆದ್ದು, ಎರಡು ದಿನ ಏನೂ ತಿನ್ನದೆ ಅತ್ತು, ಕೊನೆಗೆ ಡಾಕ್ಟರು 'ಹ್ಯಾಂಡ್ ಫುಟ್ ಅಂಡ್ ಮೌತ್' ಅಂತ ಹೇಳಿದಾಗ ನಾನು ಊರಿಗೆ ಫೋನ್ ಮಾಡಿ ಅದನ್ನೇ ಕನ್ನಡದಲ್ಲಿ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ದನಕ್ಕೆ ಬರೋದು ಮಗೂಗೆ ಹೆಂಗ್ ಬಂತೋ?"

ನಗಬೇಡಿ. ಈ ಪ್ರಶ್ನೆ ಕೇಳಿದವರಲ್ಲಿ ಅಮ್ಮ ಮೊದಲಿಗಳೂ ಅಲ್ಲ, ಕೊನೆಯವಳೂ ಅಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ದನಗಳ ಕಾಲುಬಾಯಿ ರೋಗ ಹಬ್ಬಿ, ಅದನ್ನು ತಡೆಯಲು ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಟಿವಿಯಲ್ಲಿ ದಿನಾ ಸುಡುವ ಹೆಣಗಳ ರಾಶಿ. ಅಂಥ ಹೊತ್ತಲ್ಲಿ ಮಗುವಿನ ಬಾಯಲ್ಲಿ ಹುಣ್ಣು ಕಂಡು, ಹೆಚ್ಚುಕಮ್ಮಿ ಅದೇ ಹೆಸರನ್ನು ಡಾಕ್ಟರ ಬಾಯಲ್ಲಿ ಕೇಳಿದ ತಾಯಿಗೆ ಏನಾಗಿರಬೇಡ?

ಎರಡೂ ಬೇರೆ ಬೇರೆ ರೋಗ. ವೈರಸ್ ಬೇರೆ. ದನದ್ದು ಮಗುವಿಗೆ ಬರಲ್ಲ (ಮನುಷ್ಯರಿಗೆ ತಗುಲಿದ ಉದಾಹರಣೆ ಬೆರಳೆಣಿಕೆಯಷ್ಟು, ಅದೂ ಸೌಮ್ಯವಾಗಿ), ಮಗುವಿನದ್ದು ದನಕ್ಕೆ ಹೋಗಲ್ಲ. ಆದರೆ ಈ ಎರಡು ವೈರಸ್‌ಗಳು ದೂರದ ದಾಯಾದಿಗಳು, ಪಿಕೋರ್ನಾ ಅನ್ನುವ ಒಂದೇ ದೊಡ್ಡ ಕುಟುಂಬದವು. ದನದ ವೈರಸ್ಸಿನ ಕುಲದ ಹೆಸರು ಆಫ್ತೋವೈರಸ್. 'ಆಫ್ತೆ' ಅಂದ್ರೆ ಗ್ರೀಕ್ ಭಾಷೆಯಲ್ಲಿ ಬಾಯಿಹುಣ್ಣು. ಸುಮಾರು 2,400 ವರ್ಷದ ಹಿಂದೆ ಹಿಪಾಕ್ರಟಿಸನ ಹೆಸರಲ್ಲಿ ಸೇರಿರುವ ಸೂತ್ರಗಳಲ್ಲಿ ಎಳೆಮಕ್ಕಳಿಗೆ ಬರುವ ಕಾಯಿಲೆಗಳ ಪಟ್ಟಿಯೊಂದಿದೆ. ಅದರಲ್ಲಿ ವಾಂತಿ, ಕೆಮ್ಮು, ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದರ ಜೊತೆಗೆ ಈ ಆಫ್ತೆಯೂ ಇದೆ. ಅಂದ್ರೆ ರಾತ್ರಿ ಎರಡು ಗಂಟೆಗೆ ಮೊಬೈಲ್ ಟಾರ್ಚ್ ಹಾಕಿಕೊಂಡು ಮಗುವಿನ ಬಾಯೊಳಗೆ ಇಣುಕೋದು ಹೊಸ ಕಷ್ಟ ಅಲ್ಲ. ಟಾರ್ಚ್ ಮಾತ್ರ ಹೊಸದು.

ನಮ್ಮ ಕಡೆಯ ಸಾಕ್ಷಿ ಇನ್ನೂ ಚೆನ್ನಾಗಿದೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಹಳೆಯ ಆಯುರ್ವೇದ ಗ್ರಂಥ 'ಕಾಶ್ಯಪ ಸಂಹಿತೆ'. ಅದರ ಹಸ್ತಪ್ರತಿ ಸಿಕ್ಕಿದ್ದು ನೇಪಾಳದಲ್ಲಿ, ಅಚ್ಚಾಗಿದ್ದು 1938ರಲ್ಲಿ. ಅದರಲ್ಲಿ ಒಂದು ಇಡೀ ಅಧ್ಯಾಯ ಇರೋದು, ಮಾತು ಬಾರದ ಮಗುವಿಗೆ ಎಲ್ಲಿ ನೋವು ಅಂತ ಕಂಡುಹಿಡಿಯುವುದು ಹೇಗೆ ಅನ್ನೋದರ ಬಗ್ಗೆ. ಬಾಯಿಯ ರೋಗವಾದರೆ ಮಗು ಜೊಲ್ಲು ಬಹಳ ಸುರಿಸುತ್ತೆ, ಮೊಲೆ ಕಂಡರೆ ಮುಖ ತಿರುಗಿಸುತ್ತೆ, ಕುಡಿದ ಹಾಲು ಕಕ್ಕುತ್ತೆ, ಮೂಗಿನಲ್ಲೇ ಉಸಿರಾಡುತ್ತೆ ಅನ್ನುವಂಥ ಲಕ್ಷಣಗಳನ್ನು ಅಲ್ಲಿ ಹೇಳಿದೆ. ಯಾರೋ ಒಬ್ಬರು ಬಹಳ ಹೊತ್ತು ಒಂದು ಮಗುವಿನ ಪಕ್ಕ ಸುಮ್ಮನೆ ಕೂತು ನೋಡಿ ಬರೆದದ್ದು ಅಂತ ಗೊತ್ತಾಗುತ್ತೆ. ನಾನು ಓದಿದ ಬಗ್ ರಿಪೋರ್ಟ್‌ಗಳಲ್ಲಿ ಇಷ್ಟು ಅಚ್ಚುಕಟ್ಟಾಗಿರುವುದು ಕಮ್ಮಿ. ಲಾಗ್ ಇಲ್ಲ, ಎರರ್ ಮೆಸೇಜ್ ಇಲ್ಲ, ಯೂಸರ್ ಬರೀ ಅಳ್ತಾನೆ.

ಬಾಯೊಳಗೆ ಏನೋ ಕಂಡರೆ ಹೆತ್ತವರು ನಡುಗುತ್ತಿದ್ದದ್ದಕ್ಕೆ ಇನ್ನೊಂದು ಗಟ್ಟಿ ಕಾರಣ ಇತ್ತು. ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಇರುವ ಹೆಸರು ನೋಡಿ: ಗಂಟಲಮಾರಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಮಗುವಿನ ಉಸಿರೇ ನಿಲ್ಲಿಸುವ ಕಾಯಿಲೆಗೆ ಮಾರಿ ಅನ್ನದೆ ಇನ್ನೇನು ಅನ್ನೋದು? ಹಾಗೇ ದಡಾರವೂ. ಮೈಮೇಲೆ ಗುಳ್ಳೆ ಏಳುವ ಮೊದಲೇ ಕೆನ್ನೆಯ ಒಳಬದಿಯಲ್ಲಿ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಗಳು ಬರುತ್ತವೆ ಅಂತ 1896ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ವಿವರಿಸಿದರು. ಇವತ್ತಿಗೂ ಅದು ಕಾಪ್ಲಿಕ್ ಚುಕ್ಕೆ ಅಂತಲೇ ಪುಸ್ತಕದಲ್ಲಿದೆ.

ಈ ಗಂಟಲಮಾರಿಗೂ ನಮ್ಮ ಕೊಟ್ಟಿಗೆಯ ಕಾಲುಬಾಯಿಗೂ ಒಬ್ಬನೇ ಮನುಷ್ಯನ ಮೂಲಕ ಒಂದು ನಂಟಿದೆ. ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್, ರಾಬರ್ಟ್ ಕಾಕ್‌ನ ಶಿಷ್ಯ. 1884ರಲ್ಲಿ ಡಿಫ್ತೀರಿಯಾದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದ. ಹದಿನಾಲ್ಕು ವರ್ಷ ಬಿಟ್ಟು, 1898ರಲ್ಲಿ, ಪೌಲ್ ಫ್ರಾಶ್ ಜೊತೆ ಸೇರಿ ದನಗಳ ಕಾಲುಬಾಯಿ ರೋಗಕ್ಕೆ ಕೈಹಾಕಿದ. ರಾಸುವಿನ ಬಾಯಿಯ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ತಡೆಯುವಷ್ಟು ಸಣ್ಣ ತೂತುಗಳ ಫಿಲ್ಟರಿನಲ್ಲಿ ಸೋಸಿ, ಸೋಸಿದ ತಿಳಿಯನ್ನು ಕರುಗಳಿಗೆ ಚುಚ್ಚಿದರು. ಕರುಗಳಿಗೆ ರೋಗ ಬಂತು. ಅವುಗಳ ಗುಳ್ಳೆಯ ನೀರು ತೆಗೆದು ಮತ್ತೆ ಸೋಸಿ ಮತ್ತೆ ಚುಚ್ಚಿದರು. ಮತ್ತೆ ಬಂತು. ಬರೀ ವಿಷವಾಗಿದ್ದರೆ ಪ್ರತಿ ಸಲ ತೆಳ್ಳಗಾಗಿ ಶಕ್ತಿ ಕಳೆದುಕೊಳ್ಳಬೇಕಿತ್ತು. ಆಗಲಿಲ್ಲ, ಅಂದ್ರೆ ಅದು ಒಳಗೆ ಬೆಳೀತಾ ಇದೆ. ಪ್ರಾಣಿಗಳಿಗೆ ರೋಗ ತರುವ ವೈರಸ್ ಅಂತ ಒಂದಿದೆ ಅನ್ನೋದು ಜಗತ್ತಿಗೆ ಗೊತ್ತಾಗಿದ್ದು ಹೀಗೆ, ಜೊಲ್ಲು ಸುರಿಸುವ ದನದ ಬಾಯಿಂದ. ಕಾಲುಬಾಯಿ ಅಂದ್ರೆ ಮೂಗು ಮುರಿಯುವ ನಗರದವರಿಗೆ ಇದು ಗೊತ್ತಿರಲಿ ಅಂತ ಹೇಳಿದೆ.

ಕಾರಣ ಗೊತ್ತಿಲ್ಲದ ಕಾಯಿಲೆಗೆ ತಪ್ಪು ಕಾರಣ ಅಂಟಿಸಿದರೆ ಏನಾಗುತ್ತೆ ಅನ್ನೋದರ ಕತೆ ಇದಕ್ಕಿಂತ ಕಠೋರ. ಮಗು ಜೊಲ್ಲು ಸುರಿಸಿ, ಜ್ವರ ಬಂದು, ಊಟ ಬಿಟ್ಟರೆ ಇವತ್ತೂ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಸಿಗುವ ಪ್ರತಿಯೊಬ್ಬರೂ ಹೇಳೋದು "ಹಲ್ಲು ಬರ್ತಾ ಇರಬೇಕು" ಅಂತ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಸಮಾಧಾನದ ಮಾತಾಗಿರಲಿಲ್ಲ, ಮರಣದ ಕಾರಣವಾಗಿತ್ತು. ಸರ್ಕಾರಿ ದಾಖಲೆಗಳಲ್ಲಿ ಸಾವಿರಾರು ಕೂಸುಗಳ ಸಾವಿನ ಮುಂದೆ 'ಹಲ್ಲು ಹುಟ್ಟುವಿಕೆ' ಅಂತ ಬರೆದಿದ್ದಾರೆ. ಹಲ್ಲು ಬಂದು ಯಾವ ಮಗುವೂ ಸಾಯಲ್ಲ. ಆ ಮಕ್ಕಳು ಬೇರೇನೋ ಸೋಂಕಿನಿಂದ, ಭೇದಿಯಿಂದ ಸತ್ತವು. ಸಾಯುವ ವಯಸ್ಸೂ ಹಲ್ಲು ಬರುವ ವಯಸ್ಸೂ ಒಂದೇ ಆಗಿತ್ತು, ಅಷ್ಟೇ.

ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಹಲ್ಲಿನ ನೋವಿಗೆ ಅಂತ ಪುಡಿಗಳನ್ನು ಮಾರಿದರು, ಆ ಪುಡಿಯಲ್ಲಿ ಕ್ಯಾಲೊಮೆಲ್, ಅಂದ್ರೆ ಪಾದರಸದ ಒಂದು ಲವಣ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕದ ವೈದ್ಯರಿಗೆ ಒಂದು ವಿಚಿತ್ರ ಕಾಯಿಲೆ ತಲೆ ಕೆಡಿಸಿತ್ತು. ಮಗುವಿನ ಅಂಗೈ ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಸುಲಿಯುತ್ತೆ, ವಸಡು ಊದುತ್ತೆ, ಜೊಲ್ಲು ಸುರಿಯುತ್ತೆ, ಬೆಳಕು ಕಂಡರೆ ಆಗಲ್ಲ, ಹಗಲು ರಾತ್ರಿ ಸಮಾಧಾನವಿಲ್ಲದ ಅಳು. ಹೆಸರು 'ಪಿಂಕ್ ಡಿಸೀಸ್'. ಕೈ, ಕಾಲು, ಬಾಯಿ. ಮತ್ತೆ ಅವೇ ಮೂರು! ವೈರಸ್ ಇರಬಹುದು, ವಿಟಮಿನ್ ಕೊರತೆ ಇರಬಹುದು ಅಂತ ಹುಡುಕಿದರು. ಕೊನೆಗೆ ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಹಬ್ಬರ್ಡ್ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಇದೆ ಅಂತ ತೋರಿಸಿ 1948ರಲ್ಲಿ ಪ್ರಕಟಿಸಿದರು. 1954ರಲ್ಲಿ ಬ್ರಿಟನ್ನಿನ ಕಂಪನಿಗಳು ಹಲ್ಲಿನ ಪುಡಿಯಿಂದ ಕ್ಯಾಲೊಮೆಲ್ ತೆಗೆದವು. ಆಮೇಲೆ ಕೆಲವೇ ವರ್ಷಗಳಲ್ಲಿ ಪಿಂಕ್ ಡಿಸೀಸ್ ಹೆಚ್ಚುಕಮ್ಮಿ ಕಣ್ಮರೆಯಾಯಿತು. ಬಾಯಿ ನೋವಿಗೆ ಅಂತ ಕೊಟ್ಟ ಮದ್ದೇ ಬಾಯಿ ನೋವು ತರುತ್ತಿತ್ತು.

ಅದು ವಿದೇಶದ ಕತೆ ಅಂತ ನಿರಾಳ ಆಗಬೇಡಿ. ನಮ್ಮಲ್ಲಿ ಮಗುವಿಗೆ ಬಾಯಿಹುಣ್ಣಾದರೆ ಬಿಳಿಗಾರವನ್ನು ಜೇನಿನಲ್ಲಿ ಕಲಸಿ ಹಚ್ಚುವ ಪದ್ಧತಿ ಇದೆ. ಬಿಳಿಗಾರ ಅಂದ್ರೆ ಬೋರಾಕ್ಸ್. ಇದೇ ಜೇನು-ಬೋರಾಕ್ಸ್ ಮಿಶ್ರಣ ಒಂದು ಕಾಲಕ್ಕೆ ಬ್ರಿಟನ್ನಿನ ಔಷಧಿ ಅಂಗಡಿಗಳಲ್ಲೂ ಮಾರಾಟವಾಗ್ತಿತ್ತು. ಚೀಪುವ ನಿಪ್ಪಲ್‌ಗೆ ಅದನ್ನು ವಾರಗಟ್ಟಲೆ ಸವರಿಕೊಟ್ಟ ಏಳು ಕೂಸುಗಳಿಗೆ ಫಿಟ್ಸ್ ಬಂದಿದ್ದನ್ನು 1983ರಲ್ಲಿ ವೈದ್ಯರು ವರದಿ ಮಾಡಿದರು. ಕೊಡೋದು ನಿಲ್ಲಿಸಿದ ಮೇಲೆ ಫಿಟ್ಸ್ ನಿಂತವು. ಒಂದು ವರ್ಷದೊಳಗಿನ ಮಗುವಿಗೆ ಜೇನೂ ಬೇಡ ಅಂತ ಇವತ್ತು ಎಲ್ಲ ಮಕ್ಕಳ ಡಾಕ್ಟರೂ ಹೇಳ್ತಾರೆ. ಅಜ್ಜಿ ಮದ್ದು ಅಂದ ಮಾತ್ರಕ್ಕೆ ಎಲ್ಲವೂ ಅಮೃತ ಅನ್ನುವ ವಾಟ್ಸಾಪ್ ಭಕ್ತಿ ನನಗೆ ಹಿಡಿಸಲ್ಲ. ತಣ್ಣಗಿನ ಮಜ್ಜಿಗೆ, ಎಳನೀರು, ಆರಿದ ಗಂಜಿ ಕೊಟ್ಟ ಅಜ್ಜಿಯನ್ನು ಒಪ್ಪುತ್ತೇನೆ. ಬಿಳಿಗಾರ ತಂದ ಅಜ್ಜಿಯ ಕೈಯನ್ನು ಮರ್ಯಾದೆಯಿಂದಲೇ ಹಿಡಿದುಕೊಳ್ಳಬೇಕು.

ಸರಿ, ನಮ್ಮ ವೈರಸ್ಸಿಗೆ ಬರೋಣ. ಇದು ಸಿಕ್ಕಿದ್ದೇ ಬೇರೊಂದನ್ನು ಹುಡುಕುವಾಗ. 1940ರ ದಶಕದ ಅಮೆರಿಕದಲ್ಲಿ ಬೇಸಿಗೆ ಅಂದ್ರೆ ಪೋಲಿಯೊ. ಈಜುಕೊಳ ಮುಚ್ಚೋರು, ಸಿನಿಮಾ ಮಂದಿರಕ್ಕೆ ಮಕ್ಕಳನ್ನು ಕಳಿಸ್ತಿರಲಿಲ್ಲ. 1952ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 58 ಸಾವಿರ ಪೋಲಿಯೊ ಪ್ರಕರಣ. 1947ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದಂಡೆಯ ಒಂದು ಪುಟ್ಟ ಊರಲ್ಲಿ ಮಕ್ಕಳಿಗೆ ಪಾರ್ಶ್ವವಾಯುವಿನಂಥ ಕಾಯಿಲೆ ಬಂತು. ಊರಿನ ಹೆಸರು ಕಾಕ್ಸಾಕಿ. ಆಲ್ಬನಿಯ ಸರ್ಕಾರಿ ಪ್ರಯೋಗಾಲಯದಲ್ಲಿದ್ದ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಅಲ್ಲಿಂದ ಬಂದ ಇಬ್ಬರು ಮಕ್ಕಳ ಮಲದ ಮಾದರಿಯನ್ನು ಪರೀಕ್ಷೆಗೆ ತಗೊಂಡರು.

ಡಾಲ್ಡಾರ್ಫ್ ಮಾಡಿದ ಜಾಣತನ ಸಣ್ಣದು, ಫಲ ದೊಡ್ಡದು. ಎಲ್ಲರೂ ಬೆಳೆದ ಇಲಿಗೆ ಚುಚ್ಚಿ ನೋಡುತ್ತಿದ್ದರೆ, ಇವರು ಆಗತಾನೇ ಹುಟ್ಟಿದ, ಇನ್ನೂ ತಾಯಿಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿದರು. ಮರಿಗಳ ಕಾಲು ಬಿದ್ದುಹೋದವು. ಬೆಳೆದ ಇಲಿಗಳಿಗೆ ಏನೂ ಆಗಲಿಲ್ಲ. ಪೋಲಿಯೊ ಹೀಗೆ ನಡೆದುಕೊಳ್ಳುವ ವೈರಸ್ ಅಲ್ಲ, ಹಾಗಾಗಿ ಇದು ಪೋಲಿಯೊ ಅಲ್ಲ. 1948ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು, ಆಮೇಲೆ ಊರಿನ ಹೆಸರನ್ನೇ ವೈರಸ್ಸಿಗೆ ಇಟ್ಟರು. ಕಾಕ್ಸಾಕಿ ಅನ್ನೋದು ಅಲ್ಲಿನ ಮೂಲನಿವಾಸಿಗಳ ಭಾಷೆಯ ಪದ, ಗೂಬೆಯ ಕೂಗು ಅಂತ ಅದರ ಅರ್ಥ ಹೇಳೋದು ವಾಡಿಕೆ. ಪಾಪ, ಆ ಊರಿನವರು! ನಮ್ಮಲ್ಲಿ ಕ್ಯಾಸನೂರು ಕಾಡಿನ ಹೆಸರು ಮಂಗನ ಕಾಯಿಲೆಗೆ ಅಂಟಿಕೊಂಡ ಹಾಗೇ ಆಯ್ತು ಅವರ ಕತೆ.

ಒಂದು ವೈರಸ್ ಸಿಕ್ಕ ಮೇಲೆ ಅದರ ಹಿಂಡೇ ಸಿಕ್ಕಿತು. 1920ರಲ್ಲೇ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯ ಜಾನ್ ಜಾಹೋರ್ಸ್ಕಿ ಬೇಸಿಗೆಯಲ್ಲಿ ಮಕ್ಕಳ ಗಂಟಲ ಹಿಂಭಾಗದಲ್ಲಿ ಏಳುವ ಗುಳ್ಳೆಗಳನ್ನು ವಿವರಿಸಿ, ನಾಲ್ಕು ವರ್ಷದ ಮೇಲೆ ಹರ್ಪಂಜೈನಾ ಅಂತ ಹೆಸರಿಟ್ಟಿದ್ದರು. ಕಾರಣ ಗೊತ್ತಿರಲಿಲ್ಲ. ಅದೂ ಕಾಕ್ಸಾಕಿಯ ಕೆಲಸ ಅಂತ ತಿಳಿದಿದ್ದು 1951ರಲ್ಲಿ. 1957ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಜ್ವರ, ಬಾಯಿಹುಣ್ಣು, ಜೊತೆಗೆ ಮೈಮೇಲೆ ಗುಳ್ಳೆ ಇರುವ ಕಾಯಿಲೆ ಹರಡಿತು. ಅಲ್ಲಿನ ರಾಬಿನ್ಸನ್, ಡೋನ್ ಮತ್ತು ರೋಡ್ಸ್ ಎಂಬ ವಿಜ್ಞಾನಿಗಳು ಅದರಿಂದ ಕಾಕ್ಸಾಕಿಯ ಎ ಗುಂಪಿನ ವೈರಸ್ಸನ್ನು ಬೇರ್ಪಡಿಸಿದರು, ಇವತ್ತು ನಾವು ಎ16 ಅನ್ನೋದು ಅದನ್ನೇ. ಆದರೆ ಅವರ ಲೇಖನದ ಶೀರ್ಷಿಕೆ ಮಾರುದ್ದ, ರೋಗಕ್ಕೆ ಹೆಸರೇ ಇಲ್ಲ. 1959ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದೇ ಬಂದಾಗ ಆಲ್ಸಪ್, ಫ್ಲೆವೆಟ್ ಮತ್ತು ಫಾಸ್ಟರ್ ಎಂಬ ಮೂವರು ಮರು ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದು, ಕಣ್ಣಿಗೆ ಕಂಡಿದ್ದನ್ನೇ ಹೆಸರಾಗಿ ಇಟ್ಟರು: ಕೈ, ಕಾಲು, ಬಾಯಿ ರೋಗ. (ಈ ಫ್ಲೆವೆಟ್ ಮುಂದೆ ಮಕ್ಕಳ ಭೇದಿಯ ವೈರಸ್ಸಿಗೆ 'ರೋಟಾ' ಅಂತ ಹೆಸರು ಸೂಚಿಸಿದವರು. ನಮ್ಮ ಲಸಿಕೆ ಕಾರ್ಡಿನಲ್ಲಿ ಆ ಹೆಸರಿದೆ ನೋಡಿ.) ದನದ ರೋಗದ ಹೆಸರಿಗೆ ಇಷ್ಟು ಹತ್ತಿರದ ಹೆಸರನ್ನು ಯಾಕೆ ಇಟ್ಟರೋ! ಪ್ರೋಗ್ರಾಮಿಂಗಿನಲ್ಲಿ ಅತಿ ಕಷ್ಟದ ಕೆಲಸ ಹೆಸರಿಡೋದು ಅಂತ ನಮ್ಮಲ್ಲಿ ಒಂದು ತಮಾಷೆ ಇದೆ. ವೈದ್ಯರಿಗೂ ಅದೇ ಪಾಡು.

ಇಷ್ಟರ ತನಕ ಇದು ವಾರದಲ್ಲಿ ಹೋಗುವ ಸಣ್ಣ ಕಾಯಿಲೆ. ಆದರೆ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೆದುಳಿನ ಉರಿಯೂತವಾದ ಒಂದು ಮಗುವಿನಿಂದ ಇದೇ ವಂಶದ ಇನ್ನೊಂದು ವೈರಸ್ ಸಿಕ್ಕಿತು. ಎಂಟರೊವೈರಸ್ 71. ಅದೂ ಕೈ, ಕಾಲು, ಬಾಯಿಗೇ ಗುಳ್ಳೆ ತರುತ್ತೆ, ಆದರೆ ಕೆಲವು ಮಕ್ಕಳಲ್ಲಿ ನರಕ್ಕೆ ಹೋಗುತ್ತೆ. 1975ರಲ್ಲಿ ಬಲ್ಗೇರಿಯಾದಲ್ಲಿ ಪೋಲಿಯೊ ಮರಳಿತೇನೋ ಅನ್ನುವಂತೆ 705 ಮಂದಿಗೆ ಬಂದು 44 ಮಂದಿ ತೀರಿಕೊಂಡರು. 1997ರಲ್ಲಿ ಮಲೇಷ್ಯಾದ ಸಾರಾವಾಕ್. ಮರು ವರ್ಷ ತೈವಾನ್.

ತೈವಾನಿನ ಅಂಕಿಗಳನ್ನು ನಾನು ಎರಡೆರಡು ಸಲ ಓದಿದೆ. 1998ರಲ್ಲಿ ವರದಿಯಾದ ಪ್ರಕರಣ 1,29,106. ತೀವ್ರವಾಗಿದ್ದು 405. ಸತ್ತ ಮಕ್ಕಳು 78. ಭಾಗಿಸಿ ನೋಡಿದರೆ ಹತ್ತು ಸಾವಿರಕ್ಕೆ ಆರು. ಪ್ರೊಡಕ್ಷನ್ ಸರ್ವರಿನಲ್ಲಿ ಹತ್ತು ಸಾವಿರಕ್ಕೆ ಆರು ರಿಕ್ವೆಸ್ಟ್ ಫೇಲ್ ಆದರೆ ನಾವು ಡ್ಯಾಶ್‌ಬೋರ್ಡ್ ಹಸಿರಾಗೇ ಇದೆ ಅಂತ ಮನೆಗೆ ಹೋಗ್ತೀವಿ. ಆ 78 ಮನೆಗಳಲ್ಲಿ ಈ ಲೆಕ್ಕ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಮೆದುಳಿನ ಕಾಂಡಕ್ಕೆ ಉರಿಯೂತವಾಗಿ, ಪುಪ್ಪುಸದಲ್ಲಿ ನೀರು ತುಂಬಿ, ಎಷ್ಟೋ ಮಕ್ಕಳು ಆಸ್ಪತ್ರೆ ಸೇರಿದ ಒಂದೆರಡು ದಿನದಲ್ಲೇ ಹೋದವು. ಬಾಯಿಹುಣ್ಣಿನಿಂದ ಶುರುವಾಗಿದ್ದು.

ಅದಕ್ಕೇ ಏಷ್ಯಾದ ಪೂರ್ವ ಭಾಗದ ದೇಶಗಳು ಇದನ್ನು ಹಗುರವಾಗಿ ತಗೊಳ್ಳಲ್ಲ. 2008ರಲ್ಲಿ ಚೀನಾದ ಫುಯಾಂಗ್ ನಗರದಲ್ಲಿ ಮಕ್ಕಳು ಸತ್ತ ಮೇಲೆ ಅಲ್ಲಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಯಿತು. 2015ರ ಕೊನೆಗೆ ಎಂಟರೊವೈರಸ್ 71ಕ್ಕೆ ಮೊದಲ ಲಸಿಕೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆ ಲಸಿಕೆ ಕಾಕ್ಸಾಕಿ ಎ16ಕ್ಕೆ ಕೆಲಸ ಮಾಡಲ್ಲ. ಹುಣ್ಣು ನೋಡೋಕೆ ಒಂದೇ ಥರ, ಒಳಗಿನ ಆಸಾಮಿ ಬೇರೆ.

ಭಾರತದಲ್ಲಿ ಮೊದಲು ದಾಖಲಾದ ಹಾವಳಿ 2003ರದು, ಕೇರಳದ ಕೋಳಿಕ್ಕೋಡಿನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಎ16, ಎ6 ಥರದ ಸೌಮ್ಯ ವೈರಸ್‌ಗಳು. ಹಾಗಿದ್ದೂ 2022ರಲ್ಲಿ ನಾವೆಲ್ಲ ಒಂದು ತಿಂಗಳು ಬೆಚ್ಚಿಬಿದ್ದಿದ್ದು ನೆನಪಿದೆಯಾ? 'ಟೊಮೆಟೊ ಫ್ಲೂ'! ಮೇ ತಿಂಗಳಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಶುರುವಾಗಿ, ಜುಲೈ ಕೊನೆಗೆ ಐದು ವರ್ಷದೊಳಗಿನ 82 ಮಕ್ಕಳಿಗೆ ಬಂದಿತ್ತು. ಕೋವಿಡ್ ಮುಗಿದು ಉಸಿರು ಬಿಡುವ ಹೊತ್ತು. ಕೇರಳದ ಗಡಿಯಲ್ಲಿ ತಪಾಸಣೆ, ಟಿವಿಯಲ್ಲಿ ಕೆಂಪು ಅಕ್ಷರ, ಇದು ಡೆಂಗೆ ಅಥವಾ ಚಿಕುನ್‌ಗುನ್ಯದ ನಂತರದ ಪರಿಣಾಮ ಇರಬಹುದು ಅಂತ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಊಹೆ. ಮಗುವಿಗೆ ಟೊಮೆಟೊ ಸಾರು ಕೊಡಬಹುದಾ ಅಂತ ಆಫೀಸಿನಲ್ಲಿ ಕೇಳಿದವರಿದ್ದಾರೆ, ಅವರೂ ಬಿಇ ಮಾಡಿದವರೇ. ಗುಳ್ಳೆ ಕೆಂಪಗೆ ದುಂಡಗೆ ಇದೆ ಅಂತ ಬಂದ ಹೆಸರದು, ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಗಂಟು ಬಿಡಿಸಿದ್ದು ಇಬ್ಬರು ಮಕ್ಕಳು. ಕೇರಳಕ್ಕೆ ಬಂದು ಬ್ರಿಟನ್ನಿಗೆ ವಾಪಸಾದ ಒಂದು ಕುಟುಂಬದ ಹದಿಮೂರು ತಿಂಗಳ ಹುಡುಗಿ, ಐದು ವರ್ಷದ ಅವಳ ಅಣ್ಣ. ಊರಿಗೆ ಹೋಗಿ ವಾರಕ್ಕೆ ಗುಳ್ಳೆ ಎದ್ದವು. ಅಲ್ಲಿನ ವೈದ್ಯರು ಮಾದರಿ ತೆಗೆದು ಪಿಸಿಆರ್ ಮಾಡಿಸಿದರೆ ಬಂದ ಉತ್ತರ: ಕಾಕ್ಸಾಕಿ ಎ16. ಅರವತ್ತೈದು ವರ್ಷದ ಹಿಂದೆ ಟೊರಾಂಟೊದಲ್ಲಿ ಸಿಕ್ಕ ಅದೇ ಹಳೆ ಗಿರಾಕಿ.

ಈಗಿನ ಡಾಕ್ಟರು ನಾಲಿಗೆ ಒತ್ತಿ ನೋಡುವ ಆ ಹತ್ತು ಸೆಕೆಂಡಿನಲ್ಲಿ ಈ ಇತಿಹಾಸ ಪೂರ್ತಿ ಓಡುತ್ತೆ. ಹುಣ್ಣು ಗಂಟಲ ಹಿಂದೆ ಮಾತ್ರ ಇದ್ದರೆ ಜಾಹೋರ್ಸ್ಕಿಯ ಹರ್ಪಂಜೈನಾ. ವಸಡು ಊದಿ ರಕ್ತ ಬರುತ್ತಾ ಇದ್ದು, ತುಟಿ ಸುತ್ತ ಗುಳ್ಳೆ ಇದ್ದರೆ ಹರ್ಪೀಸ್. ಒರೆಸಿದರೆ ಬರುವ ಮೊಸರಿನಂಥ ಬಿಳುಪು ಇದ್ದರೆ ಫಂಗಸ್. ಕೆನ್ನೆಯ ಒಳಗೆ ಉಪ್ಪುಕಾಳಾದರೆ ಕಾಪ್ಲಿಕ್. ಅಂಗೈ ಅಂಗಾಲು ತಿರುಗಿಸಿ ನೋಡಿದರೆ ನಮ್ಮದು. ಆಮೇಲೆ ಕೇಳೋದು ಹುಣ್ಣಿನ ಬಗ್ಗೆ ಅಲ್ಲವೇ ಅಲ್ಲ. ಮೂತ್ರ ಎಷ್ಟು ಸಲ ಹೋಯ್ತು? ನೀರು ಕುಡೀತಾ? ನಿದ್ದೆಯಲ್ಲಿ ಬೆಚ್ಚಿ ಬೀಳ್ತಾ ಇದೆಯಾ, ನಡೆಯುವಾಗ ತೂರಾಡ್ತಾ ಇದೆಯಾ, ಸಿಕ್ಕಾಪಟ್ಟೆ ಮಂಕಾಗಿದೆಯಾ, ವಾಂತಿ ನಿಲ್ತಾ ಇಲ್ವಾ? ಮೊದಲೆರಡು ಪ್ರಶ್ನೆ ನೀರಿನಂಶಕ್ಕೆ, ಯಾಕಂದ್ರೆ ಬಾಯಿ ನೋವಿಗೆ ಕುಡಿಯೋದನ್ನೇ ಬಿಟ್ಟ ಮಗು ಬೇಗ ಒಣಗುತ್ತೆ. ಉಳಿದವು ತೈವಾನ್ ಕಲಿಸಿದ್ದು. ಅದರಲ್ಲಿ ಒಂದಕ್ಕೆ ಹೌದು ಅಂದರೂ ಡೇಕೇರ್ ಗುಂಪಿನ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇಲ್ಲ ಅಂದ್ರೆ ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್, ತಣ್ಣಗಿನ ದ್ರವ, ಮತ್ತೆ ಏಳೆಂಟು ದಿನದ ತಾಳ್ಮೆ. ಆಂಟಿಬಯಾಟಿಕ್ ಬರೆದುಕೊಡಿ ಅಂತ ಪೀಡಿಸಬೇಡಿ, ವೈರಸ್ಸಿಗೆ ಅದು ಏನೂ ಮಾಡಲ್ಲ.

ಇನ್ನೊಂದು ವಿಷಯ ಉಳಿಯಿತು. ಎಲ್ಲ ಮುಗಿದು ಒಂದೆರಡು ತಿಂಗಳಾದ ಮೇಲೆ, ಮರೆತೇ ಹೋಗಿರುವಾಗ, ಮಗುವಿನ ಉಗುರು ಬುಡದಿಂದ ಎದ್ದು ಕಳಚಿ ಬೀಳಬಹುದು. 2008ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಉಗುರು ಉದುರಿದ ಮಕ್ಕಳನ್ನು ಕಂಡು ಹುಡುಕಿದಾಗ ಸಿಕ್ಕಿದ್ದು ಕಾಕ್ಸಾಕಿ ಎ6. ಜ್ವರದ ದಿನಗಳಲ್ಲಿ ಉಗುರಿನ ಬೆಳವಣಿಗೆ ನಿಂತು, ಆ ಗೆರೆ ನಿಧಾನಕ್ಕೆ ಮೇಲೆ ಬಂದು ಬೇರ್ಪಡುತ್ತೆ ಅಷ್ಟೇ. ನೋವಿರಲ್ಲ, ಔಷಧಿ ಬೇಕಿಲ್ಲ. ಬೀಳುವ ಹೊತ್ತಿಗೆ ಅದರ ಕೆಳಗೆ ಹೊಸ ಉಗುರು ಅರ್ಧ ಬಂದಿರುತ್ತೆ.